ಸಾವಿನ ಗಳಿಗೆಯ ಸೂಚನೆಗಳು: ನಾವು ಏನನ್ನು ನಂಬಬೇಕು?

ಯುವಜನರ ಅಧ್ಯಯನ ಪಾಠ
ಮೊದಲು ಓದಿ: ಲೂಕ 13:1-5, ಮತ್ತಾಯ 27:45-54



ಅಕ್ಕಲಕೋಟೆಯಲ್ಲಿ ಕಬಡ್ಡಿ ಆಡಿ ಬಂದ ನಮ್ಮ ಹುಡುಗರು ಸೊಲ್ಲಾಪುರದ ಯುವಜನರ ಕೂಟದಲ್ಲಿ ಒಂದು ಪ್ರಶ್ನೆ ಕೇಳಿದರು: "ಆಟಗಾರ ಪ್ರಾಣ ಬಿಡುವ ಹೊತ್ತಿಗೆ ಮನೆಯ ಗಡಿಯಾರ ನಿಂತಿತಂತೆ, ನಾಯಿ ಊಳಿಟ್ಟಿತಂತೆ, ಮನೆಯವರಿಗೆ ಮೊದಲೇ ಕನಸು ಬಿದ್ದಿತ್ತಂತೆ ಅಂತಾರಲ್ಲ, ಅದು ದೇವರ ಸೂಚನೆಯೇ?" ನಕ್ಕು ಬಿಡುವ ಪ್ರಶ್ನೆಯಲ್ಲ ಇದು. ಮನೆಯಲ್ಲಿ ಸಾವು ಕಂಡವರಿಗೆ ಇಂಥ ಮಾತು ಎಷ್ಟು ಹತ್ತಿರದ್ದೆಂದು ನಮಗೆಲ್ಲ ಗೊತ್ತು. ಆದ್ದರಿಂದ ಈ ಸಲ ಇದನ್ನೇ ಅಧ್ಯಯನ ಮಾಡೋಣ.

1. ಒಬ್ಬ ಆಟಗಾರನ ಕಥೆ

ರೊಬರ್ಟೊ ಕ್ಲೆಮೆಂಟೆ ಪೋರ್ಟೊರಿಕೊ ದ್ವೀಪದ ಹೆಸರಾಂತ ಬೇಸ್‌ಬಾಲ್ ಆಟಗಾರ. 1972ರ ಡಿಸೆಂಬರ್ 23ರಂದು ನಿಕರಾಗುವ ದೇಶದಲ್ಲಿ ಭೂಕಂಪವಾಯಿತು. ಅವರು ನೆರವಿನ ಸಾಮಾನು ಕೂಡಿಸಿ ಕಳಿಸಿದರು. ಆದರೆ ಅದು ಬಡವರ ಕೈ ಸೇರುತ್ತಿಲ್ಲವೆಂಬ ಸುದ್ದಿ ಬಂತು. ಆಗ ತಾವೇ ಹೋಗಲು ನಿರ್ಧರಿಸಿ ಡಿಸೆಂಬರ್ 31ರ ರಾತ್ರಿ ವಿಮಾನ ಹತ್ತಿದರು. ಹಾರಿದ ಕೆಲವೇ ನಿಮಿಷಗಳಲ್ಲಿ ವಿಮಾನ ಸಮುದ್ರಕ್ಕೆ ಬಿತ್ತು. 38 ವರ್ಷದ ಕ್ಲೆಮೆಂಟೆ ಅವರ ದೇಹ ಕೊನೆಗೂ ಸಿಗಲಿಲ್ಲ.

ವಿಮಾನ ಬೀಳುತ್ತದೆಂದು ಅವರ ಪುಟ್ಟ ಮಗ ಮೊದಲೇ ಹೇಳಿದ್ದನೆಂದೂ, ಅವರ ತಂದೆಗೆ ಅಂಥದೇ ಕನಸು ಬಿದ್ದಿತ್ತೆಂದೂ ಆ ಮನೆಯವರು ಹೇಳಿದ್ದಾರೆ. ಅವರು ಸುಳ್ಳು ಹೇಳಿದರೆಂದು ನಾವು ಅನ್ನುವುದಿಲ್ಲ. ಆದರೆ ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಂತು: ಆ ಹಳೆಯ ವಿಮಾನದ ಭಾರ ಮಿತಿಗಿಂತ ಸುಮಾರು 1,900 ಕಿಲೋ ಹೆಚ್ಚಿತ್ತು, ಎಂಜಿನ್ ಕೈಕೊಟ್ಟಿತ್ತು. ಕನಸಿನ ಅರ್ಥ ಯಾರಿಗೂ ತಿಳಿಯದಿರಬಹುದು. ಭಾರವನ್ನಂತೂ ತೂಗಿ ತಿಳಿಯಬಹುದಿತ್ತು.

ಬಿಎಸ್ಸಿ ಓದುವಾಗ ಕಲಿತ ಒಂದು ಪಾಠ ಇಲ್ಲಿ ನೆನಪಾಗುತ್ತದೆ. ಫಲಿಸಿದ್ದನ್ನು ಮಾತ್ರ ಲೆಕ್ಕ ಹಾಕಬಾರದು, ಫಲಿಸದ್ದನ್ನೂ ಹಾಕಬೇಕು. ಮಗ ಪ್ರಯಾಣ ಹೊರಟಾಗ ಎಷ್ಟು ತಾಯಂದಿರಿಗೆ ಕೆಟ್ಟ ಕನಸು ಬೀಳುವುದಿಲ್ಲ? ಮಗ ಕ್ಷೇಮವಾಗಿ ಮರಳಿದರೆ ಆ ಕನಸು ಮರೆತುಹೋಗುತ್ತದೆ. ಮರಳದಿದ್ದರೆ ಅದೊಂದೇ ಉಳಿಯುತ್ತದೆ. ನಾಯಿ ಊಳಿಡುವುದೂ ಹಾಗೆಯೇ.

2. ಶುಭಸಂದೇಶ ಏನು ಹೇಳುತ್ತದೆ?

ಪ್ರಭು ಯೇಸು ಪ್ರಾಣಬಿಟ್ಟಾಗ ಕತ್ತಲೆ ಕವಿದದ್ದನ್ನು, ಭೂಮಿ ನಡುಗಿದ್ದನ್ನು, ದೇವಾಲಯದ ತೆರೆ ಹರಿದದ್ದನ್ನು ಸಂತ ಮತ್ತಾಯ ಬರೆದಿದ್ದಾರೆ. ಅದನ್ನು ಕಂಡ ಶತಾಧಿಪತಿ ಮುಂದಿನ ಭವಿಷ್ಯ ಕೇಳಲಿಲ್ಲ, ಶಿಲುಬೆಯ ಮೇಲಿದ್ದವರು ಯಾರೆಂದು ಒಪ್ಪಿಕೊಂಡನು. ದೇವರ ಸೂಚನೆ ನಮ್ಮನ್ನು ದೇವರ ಕಡೆಗೆ ತಿರುಗಿಸುತ್ತದೆ, ಭಯದ ಕಡೆಗಲ್ಲ.

ಸಿಲೊವಾಮಿನ ಗೋಪುರ ಬಿದ್ದು 18 ಮಂದಿ ಸತ್ತಾಗಲೂ ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲವೆಂದು ಪ್ರಭು ಸ್ಪಷ್ಟವಾಗಿ ಹೇಳಿದರು. ಮನಸ್ಸನ್ನು ತಿರುಗಿಸಿಕೊಳ್ಳಿರೆಂದು ಕೇಳುವವರನ್ನು ಎಚ್ಚರಿಸಿದರು. ಆದ್ದರಿಂದ ಮೈದಾನದಲ್ಲಿ ಸತ್ತ ಹುಡುಗನ ಮನೆಯವರ ಮುಂದೆ "ಶಾಪ", "ದೃಷ್ಟಿ" ಎಂಬ ಮಾತು ನಮ್ಮ ಬಾಯಿಂದ ಬರಬಾರದು. ಶಕುನ ನೋಡಿ ಭವಿಷ್ಯ ಹೇಳುವುದನ್ನು ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (2116) ನಿಷೇಧಿಸುತ್ತದೆ.

3. ಮೈದಾನದಲ್ಲಿ ಕಾಣುವ "ವಿಚಿತ್ರ"

ಈಗ ನಮ್ಮ ಕೈಯಲ್ಲಿರುವ ಕೆಲಸಕ್ಕೆ ಬರೋಣ. ಆಡುತ್ತಿದ್ದವನು ಯಾರೂ ತಾಗದೆ ಕುಸಿಯುತ್ತಾನೆ. ಕಣ್ಣು ತೆರೆದೇ ಇರುತ್ತದೆ, ಕೈಕಾಲು ಅದುರಬಹುದು, ಗೊರಕೆಯಂತೆ ಬಿಟ್ಟುಬಿಟ್ಟು ಉಸಿರು ಬರಬಹುದು. ಕೆಲವರು ಮೈಮೇಲೆ ಏನೋ ಬಂತೆನ್ನುತ್ತಾರೆ. ಕೆಲವರು ಫಿಟ್ಸ್ ಎಂದು ಕೈಗೆ ಕೀಲಿಕೈ ಕೊಡುತ್ತಾರೆ, ಉಳ್ಳಾಗಡ್ಡಿ ಮೂಸಿಸುತ್ತಾರೆ. ಉಸಿರಾಡುತ್ತಿದ್ದಾನಲ್ಲ ಎಂದು ಉಳಿದವರು ಸುಮ್ಮನೆ ನಿಲ್ಲುತ್ತಾರೆ. ಆದರೆ ಅದು ನಿಜವಾದ ಉಸಿರಲ್ಲ. ಹೃದಯ ನಿಂತ ಮೇಲೂ ಮಿದುಳಿನ ಬುಡ ಸ್ವಲ್ಪ ಹೊತ್ತು ಹೀಗೆ ಮಾಡಿಸುತ್ತದೆ. ಒಂದೊಂದು ನಿಮಿಷ ಕಳೆದಂತೆ ಬದುಕುವ ಆಸೆ ಕಡಿಮೆಯಾಗುತ್ತದೆ.

ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ:
- ಒಬ್ಬರು 108ಕ್ಕೆ ಫೋನ್ ಮಾಡಿ.
- ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು 5-6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲಿ.
- ದಣಿದರೆ ಕೈ ಬದಲಿಸಿ. ನೆರವು ಬರುವವರೆಗೆ ನಿಲ್ಲಿಸಬೇಡಿ.

2021ರ ಜೂನ್ 12ರಂದು ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಆಟದ ನಡುವೆಯೇ ಹೀಗೆ ಕುಸಿದರು. ಹೃದಯ ನಿಂತಿತ್ತು. ಕೂಡಲೇ ಎದೆ ಒತ್ತಿದರು, ಯಂತ್ರದಿಂದ ವಿದ್ಯುತ್ ಆಘಾತ ಕೊಟ್ಟರು. ಅವರು ಬದುಕಿದರು, ಮರುವರ್ಷ ಮತ್ತೆ ಆಡಿದರು. ಅಂದು ಜೊತೆ ಆಟಗಾರರು ಅವರ ಸುತ್ತ ಗೋಡೆಯಂತೆ ನಿಂತರು. ಒತ್ತುವ ಕೈಯೂ ಬೇಕು, ಮರೆ ಮಾಡಿ ನಿಲ್ಲುವ ಪ್ರೀತಿಯೂ ಬೇಕು.

ಆಡುವಾಗ ತಲೆಸುತ್ತಿ ಬಿದ್ದವರು, ಎದೆನೋವು ಬರುವವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ದಿಢೀರನೆ ಸತ್ತಿದ್ದರೆ ಅಂಥವರು ವೈದ್ಯರಿಗೆ ತೋರಿಸಿಕೊಂಡು ಇಸಿಜಿ ಮಾಡಿಸಿಕೊಳ್ಳಲಿ. ಗಂಭೀರ ಸ್ಥಿತಿಯಲ್ಲಿರುವ ಕಥೋಲಿಕರಿಗಾಗಿ ಗುರುಗಳನ್ನೂ ಕರೆಯಿರಿ, ಆದರೆ ಎದೆ ಒತ್ತುವುದನ್ನು ನಿಲ್ಲಿಸಿ ಅಲ್ಲ.

ಚಿಂತನೆಗೆ

1. ಸಾವಿನ ಮನೆಯಲ್ಲಿ ನಾವು ಆಡಿದ ಯಾವ ಮಾತು ದುಃಖದ ಮೇಲೆ ಭಯವನ್ನೂ ಹೇರಿದೆ?
2. ನಮ್ಮ ಆಟದ ಗುಂಪಿನಲ್ಲಿ ಎದೆ ಒತ್ತಲು ಬಲ್ಲವರು ಎಷ್ಟು ಮಂದಿ?
3. ಈ ಮೂರು ಸಾಲಿನ ಸೂಚನೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಮೈದಾನದಲ್ಲಿ ಹಚ್ಚುವವರು ಯಾರು?

ಪ್ರಾರ್ಥನೆ: ಪ್ರಭುವೇ, ಆಟದ ನಡುವೆ ಅಗಲಿದವರಿಗೆ ನಿತ್ಯ ವಿಶ್ರಾಂತಿ ನೀಡಿ. ಅವರ ತಾಯಿತಂದೆಯರನ್ನು ಸಂತೈಸಿ. ನಮ್ಮ ಕೈಗಳಿಗೆ ತ್ರಾಣವನ್ನೂ ನಾಲಿಗೆಗೆ ಸಂಯಮವನ್ನೂ ಕೊಡಿ. ಆಮೆನ್.