ಕೊಲೊನೊಸ್ಕೋಪಿ ಪರೀಕ್ಷೆಯ ನಂತರದ ಆಹಾರ ಕ್ರಮ: ಸದಸ್ಯರು ಅರಿಯಬೇಕಾದ ಅಂಶಗಳು

ಕ್ಯಾಮೆರಾ ಅಳವಡಿಸಿದ ಬಾಗುವ ಕೊಳವೆಯನ್ನು ಗುದದ್ವಾರದ ಮೂಲಕ ಸೇರಿಸಿ ದೊಡ್ಡ ಕರುಳಿನ ಒಳಭಾಗವನ್ನು ವೀಕ್ಷಿಸುವ ಪರೀಕ್ಷೆಯೇ ಕೊಲೊನೊಸ್ಕೋಪಿ. ಮಲದಲ್ಲಿ ರಕ್ತ, ಕಾರಣ ತಿಳಿಯದ ರಕ್ತಹೀನತೆ, ಕರುಳಿನ ಕ್ಯಾನ್ಸರ್‌ನ ಶಂಕೆ ಮುಂತಾದ ಸಂದರ್ಭಗಳಲ್ಲಿ ವೈದ್ಯರು ಇದನ್ನು ಸೂಚಿಸುತ್ತಾರೆ. ಪರೀಕ್ಷೆ ಮುಗಿಸಿ ಗ್ರಾಮಕ್ಕೆ ಹಿಂದಿರುಗಿದವರ ವಿಷಯದಲ್ಲಿ ಎರಡು ತಪ್ಪುಗಳು ಸಂಭವಿಸಬಹುದು: ಅನಗತ್ಯವಾಗಿ ದಿನಗಟ್ಟಲೆ ಪಥ್ಯ ಮಾಡಿಸುವುದು ಮತ್ತು ಅಪಾಯದ ಲಕ್ಷಣವನ್ನು ಊಟದ ದೋಷವೆಂದು ಭಾವಿಸಿ ಕಾಲ ಕಳೆಯುವುದು. ಇವೆರಡನ್ನೂ ತಪ್ಪಿಸುವುದು ಈ ಪಾಠದ ಉದ್ದೇಶ.

ದೇಹದ ಸ್ಥಿತಿ

ಪರೀಕ್ಷೆಗೆ ಮುನ್ನ ಭೇದಿ ಔಷಧ ನೀಡಿ ಕರುಳನ್ನು ಬರಿದುಗೊಳಿಸಲಾಗುತ್ತದೆ. ಇದರಿಂದ ದೇಹದಲ್ಲಿ ನೀರು ಹಾಗೂ ಲವಣಾಂಶ ಕಡಿಮೆಯಾಗಿ ನಿಶ್ಶಕ್ತಿ ಉಂಟಾಗಬಹುದು. ಪರೀಕ್ಷೆಯ ವೇಳೆ ಕರುಳಿನೊಳಗೆ ಗಾಳಿ ತುಂಬುವುದರಿಂದ ಕೆಲವು ಗಂಟೆಗಳ ಹೊಟ್ಟೆಯುಬ್ಬರ ಸಹಜ. ಕರುಳು ಖಾಲಿಯಿರುವ ಕಾರಣ ಒಂದೆರಡು ದಿನ ಮಲವಿಸರ್ಜನೆಯಾಗದಿದ್ದರೆ ಆತಂಕಪಡಬೇಕಿಲ್ಲ.

ಆಹಾರ ಕ್ರಮ

1. ಮಂಪರು ಸಂಪೂರ್ಣ ಇಳಿದ ಬಳಿಕ ನೀರನ್ನು ಗುಟುಕು ಗುಟುಕಾಗಿ ಕುಡಿಸಬೇಕು. ನಂತರ ಅಕ್ಕಿ ಗಂಜಿ, ತಿಳಿ ಮಜ್ಜಿಗೆ ಅಥವಾ ಓಆರ್‌ಎಸ್ ದ್ರಾವಣ ನೀಡಬಹುದು.
2. ಅದೇ ದಿನ ಇಡ್ಲಿ, ಮೆತ್ತಗಿನ ಅನ್ನ, ಖಾರವಿಲ್ಲದ ತಿಳಿಸಾರು ಸೂಕ್ತ. ಕರಿದ ತಿಂಡಿ, ಅತಿಯಾದ ಖಾರ ಹಾಗೂ ಕಾಳುಗಳನ್ನು ಅಂದು ಬಿಡುವುದು ಲೇಸು.
3. ಕರುಳಿನಿಂದ ಏನನ್ನೂ ತೆಗೆಯದಿದ್ದಲ್ಲಿ, ಮರುದಿನದಿಂದ ಮುದ್ದೆ, ರೊಟ್ಟಿ, ಸೊಪ್ಪು ಸೇರಿದಂತೆ ಎಂದಿನ ಊಟಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ.
4. ಪಾಲಿಪ್, ಅಂದರೆ ಕರುಳಿನೊಳಗಿನ ಗಂಟು ತೆಗೆದಿದ್ದರೆ, ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿನ ಸೂಚನೆಯೇ ಅಂತಿಮ. ಭಾರ ಎತ್ತುವ ಕೂಲಿ ಕೆಲಸಕ್ಕೆ ಮರಳುವ ಮುನ್ನವೂ ವೈದ್ಯರನ್ನು ಕೇಳಬೇಕು.
5. ಮಧುಮೇಹದ ಹಾಗೂ ರಕ್ತ ತೆಳುವಾಗಿಸುವ ಔಷಧಗಳನ್ನು ಪುನಃ ಯಾವಾಗ ಆರಂಭಿಸಬೇಕೆಂಬುದನ್ನು ವೈದ್ಯರಿಂದಲೇ ತಿಳಿಯತಕ್ಕದ್ದು.

ಮಂಪರು ಔಷಧ ಪಡೆದವರು 24 ಗಂಟೆಗಳ ಕಾಲ ವಾಹನ ಚಲಾಯಿಸಬಾರದು, ಯಂತ್ರ ಬಳಸಬಾರದು, ಮದ್ಯ ಸೇವಿಸಬಾರದು; ಮಹತ್ವದ ದಾಖಲೆಗಳಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು.

ಅಪಾಯದ ಲಕ್ಷಣಗಳು

ತೀವ್ರ ಅಥವಾ ಹೆಚ್ಚುತ್ತಲೇ ಇರುವ ಹೊಟ್ಟೆನೋವು, ಗಟ್ಟಿಯಾಗಿ ಊದಿದ ಹೊಟ್ಟೆ, ಜ್ವರ, ನಿಲ್ಲದ ವಾಂತಿ, ತಲೆಸುತ್ತು, ಹೆಪ್ಪುಗಟ್ಟಿದ ಅಥವಾ ಪದೇ ಪದೇ ಬೀಳುವ ರಕ್ತ ಕಂಡುಬಂದರೆ ಕಷಾಯ, ಮನೆಮದ್ದು ಎಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ಪಾಲಿಪ್ ತೆಗೆದವರಲ್ಲಿ ಸುಮಾರು ಎರಡು ವಾರಗಳವರೆಗೂ ರಕ್ತಸ್ರಾವದ ಸಾಧ್ಯತೆಯಿರುವುದರಿಂದ, ಊಟ ಎಂದಿನಂತಾದ ಮೇಲೂ ನಿಗಾ ಅಗತ್ಯ.

ಸದಸ್ಯರ ಪಾತ್ರ

ತಮ್ಮ ವಾರ್ಡಿನಲ್ಲಿ ಒಂಟಿಯಾಗಿರುವ ವೃದ್ಧರು ಅಥವಾ ಓದಲು ಬಾರದವರು ಈ ಪರೀಕ್ಷೆಗೆ ಒಳಗಾಗಿದ್ದು ನೆರವು ಕೋರಿದಲ್ಲಿ, ಅವರ ಒಪ್ಪಿಗೆಯೊಂದಿಗೆ ಆಶಾ ಕಾರ್ಯಕರ್ತೆಯರ ಮೂಲಕ ಬಿಡುಗಡೆ ಚೀಟಿಯನ್ನು ಓದಿ ತಿಳಿಸುವ ವ್ಯವಸ್ಥೆ ಮಾಡಬೇಕು. ರೋಗಿಯ ಆರೋಗ್ಯ ವಿವರವನ್ನು ಸಭೆಯಲ್ಲಾಗಲಿ, ಅನ್ಯರೊಡನೆಯಾಗಲಿ ಚರ್ಚಿಸಬಾರದು.