ತಟ್ಟೆಯ ನಾದ, ಸಂಶಯದ ಕಿವಿ

ಸಂಗೀತವನ್ನು ಕೇಳುವುದಕ್ಕೆ ಕಿವಿಯೊಂದಿದ್ದರೆ ಸಾಕು ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲ, ಕಿವಿಯ ಜೊತೆಗೆ ಯಂತ್ರವೂ ಬೇಕು, ಯಂತ್ರಗಳಲ್ಲಿ ಉತ್ತಮ ಮಧ್ಯಮ ಅಧಮಗಳೆಂಬ ತಾರತಮ್ಯವುಂಟು, ಅದನ್ನು ಅರಿಯುವುದೇ ಒಂದು ವಿದ್ಯೆ ಎಂದು ನಂಬಿದವರ ಚಿಕ್ಕ ಬಳಗವೊಂದು ಹಲವು ದೇಶಗಳ ನಗರಗಳಲ್ಲಿದೆ. ಇವರ ಮನೆಗಳಲ್ಲಿ ಗ್ರಾಮಫೋನು ತಟ್ಟೆಗಳು, ಅವುಗಳ ಮೇಲೆ ಓಡುವ ವಜ್ರದ ಮುಳ್ಳು, ಆಂಪ್ಲಿಫೈಯರು, ಹೆಡ್‌ಫೋನು ಇವೆಲ್ಲ ದೇವರ ಮನೆಯ ಸಾಮಗ್ರಿಗಳಂತೆ ಧೂಳು ಕಾಣದೆ ಹೊಳೆಯುತ್ತಿರುತ್ತವೆ. ಇಬ್ಬರು ಹವ್ಯಾಸಿಗಳು ಸೇರಿದರೆ ರಾಗತಾಳಗಳ ಮಾತು ಹಿಂದಾಗಿ, ತಂತಿಯ ದಪ್ಪ ಮುಳ್ಳಿನ ಭಾರಗಳ ಮಾತೇ ಮುಂದಾಗುವುದುಂಟು. ನಾನೂ ಈ ಬಳಗಕ್ಕೆ ಸೇರಿದವನೇ. ಆದರೆ ಬಳಗದೊಳಗೆ ಎರಡು ಪಂಗಡಗಳಿವೆ. ಹೇಳಿದ್ದನ್ನೆಲ್ಲ ನಂಬುವವರದು ಒಂದು. ನಂಬುವ ಮೊದಲು ಪರೀಕ್ಷಿಸಬೇಕೆನ್ನುವವರದು ಇನ್ನೊಂದು. ಈ ಎರಡನೆಯ ಪಂಗಡದವರಿಗೆ ಬಳಗದಲ್ಲಿ ಅಷ್ಟಾಗಿ ಮರ್ಯಾದೆಯಿಲ್ಲ. ಮದುವೆಯ ಪಂಕ್ತಿಯಲ್ಲಿ ಕುಳಿತು, ಪಾಯಸಕ್ಕೆ ಸಕ್ಕರೆ ಎಷ್ಟು ಬಿತ್ತು ಎಂದು ಲೆಕ್ಕ ಕೇಳುವವನನ್ನು ನೋಡುವಂತೆ ನಮ್ಮನ್ನು ನೋಡುತ್ತಾರೆ.

ನಂಬುವವರ ಮಾತಿನ ಸಾರ ಇಷ್ಟು: ತಟ್ಟೆಯಲ್ಲಿ ನಾದವು ಹರಿಯುವ ನೀರಿನಂತೆ ಅಖಂಡವಾಗಿದೆ, 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿಯೂ ಇಂದು ಮೊಬೈಲಿನಲ್ಲಿ ಕೇಳುವ ಸಂಗೀತದಲ್ಲಿಯೂ ಅದನ್ನು ಕತ್ತರಿಸಿ ಅಂಕಿಗಳನ್ನಾಗಿ ಮಾಡಲಾಗಿದೆ, ಆದುದರಿಂದ ಮೊದಲನೆಯದು ಸಜೀವ, ಎರಡನೆಯದು ನಿರ್ಜೀವ. ಕೇಳಲು ಹಿತವಾದ ವಾದ. ಇದು ನಿಜವೇ ಎಂದು ತಿಳಿಯಬೇಕಾದರೆ ತಟ್ಟೆಯ ಕೆಲಸವನ್ನು ಹತ್ತಿರದಿಂದ ನೋಡಬೇಕು.

ಎಡಿಸನ್ನನು 1877ರಲ್ಲಿ ತನ್ನ ಧ್ವನಿಯನ್ನು ಹಿಡಿದದ್ದು ಲೋಹದ ತೆಳು ಹಾಳೆ ಸುತ್ತಿದ ಉರುಳೆಯ ಮೇಲೆ. ಉರುಳೆಗೆ ಬದಲಾಗಿ ಚಪ್ಪಟೆಯಾದ ತಟ್ಟೆಯನ್ನು ತಂದವನು ಎಮಿಲ್ ಬರ್ಲಿನರ್. ಅದು 1887ರ ಮಾತು. ಮೊದಲ ಕಾಲದ ತಟ್ಟೆಗಳಲ್ಲಿ ಅರಗು ಮುಖ್ಯವಾದ ವಸ್ತು. ನಮ್ಮ ದೇಶದ ಕಾಡಿನ ಮರಗಳ ಮೇಲೆ ಕೀಟಗಳು ಕಟ್ಟುವ ಅರಗೇ ಅದು. ಈ ತಟ್ಟೆ ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು; ಮೂರು ನಿಮಿಷಗಳಲ್ಲಿ ಹಾಡು ಮುಗಿಯಬೇಕಿತ್ತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಜ್ಞನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಆಗ ವಿದ್ಯುತ್ತಿನ ಸಹಾಯವಿರಲಿಲ್ಲ. ದೊಡ್ಡ ಕಹಳೆಯೊಂದರೊಳಕ್ಕೆ ಗಟ್ಟಿಯಾಗಿ ಹಾಡಬೇಕು. ಕಹಳೆಯ ಕೊನೆಯಲ್ಲಿರುವ ಮುಳ್ಳು ಆ ಕಂಪನವನ್ನು ಮೇಣದ ಮೇಲೆ ಕೆತ್ತಬೇಕು. ಒಂದು ತಾಸು ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳುತ್ತಿದ್ದರು. ತಟ್ಟೆಗಳನ್ನು ಅಚ್ಚುಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂಬ ಗುರುತು ಬೇಕಿತ್ತು. ಅದೇ ಗೌಹರ್ ಜಾನ್ ಬಾಳಿನ ಸಂಜೆಯಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಅರಗಿನ ಕಾಲ ಮುಗಿದು ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಕಾಲ ಬಂದದ್ದು, 1948ರಲ್ಲಿ ಅಮೆರಿಕಾದ ಕೊಲಂಬಿಯಾ ಸಂಸ್ಥೆ ಹನ್ನೆರಡು ಅಂಗುಲದ ದೀರ್ಘ ತಟ್ಟೆಯನ್ನು ಹೊರತಂದಾಗ. ಇದು ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುತ್ತದೆ. ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಗಳ ಸಂಗೀತವಿದ್ದರೆ, ಮುಳ್ಳು 667 ಸುತ್ತು ಹಾಕುತ್ತದೆ. ಸುತ್ತಿನ ಸರಾಸರಿ ತ್ರಿಜ್ಯ ಸುಮಾರು ಹತ್ತು ಸೆಂಟಿಮೀಟರು. ಪರಿಧಿಯ ಸೂತ್ರ ನಿಮಗೆ ಗೊತ್ತೇ ಇದೆ, ಗುಣಿಸಿ ನೋಡಿ. ಮುಳ್ಳು ಸಾಗಿದ ದಾರಿ ನಾಲ್ಕು ನೂರು ಮೀಟರಿಗೂ ಹೆಚ್ಚು, ಎಂದರೆ ಕ್ರೀಡಾಂಗಣದ ಓಟದ ಹಾದಿಯ ಒಂದು ಪೂರ್ಣ ಸುತ್ತು! ಆ ದಾರಿಯಾದರೋ ಕೂದಲೆಳೆಯಷ್ಟೇ ಅಗಲ. ಅದರ ಎರಡು ಗೋಡೆಗಳಲ್ಲಿ ಒಂದರ ಮೇಲೆ ಎಡಗಿವಿಯ ನಾದ, ಇನ್ನೊಂದರ ಮೇಲೆ ಬಲಗಿವಿಯ ನಾದ. ಒಂದೇ ಮುಳ್ಳಿನಿಂದ ಎರಡನ್ನೂ ಓದಿಸುವ ಈ ಉಪಾಯವನ್ನು ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ 1931ರಲ್ಲಿಯೇ ಯೋಚಿಸಿದ್ದನು. ಅಂಗಡಿಗಳಿಗೆ ಅಂಥ ತಟ್ಟೆಗಳು ಬಂದದ್ದು ಸುಮಾರು 1958ರಲ್ಲಿ. ಮನುಷ್ಯನ ಕೈಚಳಕಕ್ಕೆ ಇದಕ್ಕಿಂತ ಚೆಲುವಾದ ಸಾಕ್ಷಿ ಅಪರೂಪ.

ಚೆಲುವು ಬೇರೆ, ದೋಷರಾಹಿತ್ಯ ಬೇರೆ. ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಅಡಿಯಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರು ಗೀರು ಸರಿದುಹೋಗುತ್ತದೆ. ಒಳ ಅಂಚಿಗೆ ಬಂದಾಗ 21 ಸೆಂಟಿಮೀಟರು ಮಾತ್ರ. ಅದೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕುಳಿತುಕೊಳ್ಳಬೇಕು. ಮಗ್ಗುಲಿನ ಕೊನೆಯ ಹಾಡಿನಲ್ಲಿ ಸಕಾರ ಶಕಾರಗಳು ಕೆಲವೊಮ್ಮೆ ಒರಟಾಗಿ ಕೇಳುವುದು ಇದರಿಂದಲೇ. ಇನ್ನೂ ಒಂದು ಸಂಗತಿಯುಂಟು. ಮಂದ್ರದ ಸ್ವರಗಳನ್ನು ಇದ್ದಂತೆಯೇ ಕೆತ್ತಿದರೆ ಗೀರು ಅತ್ತಿತ್ತ ಬಹಳ ಓಲಾಡಿ ಪಕ್ಕದ ಗೀರಿಗೆ ತಗಲುತ್ತದೆ. ಅದಕ್ಕಾಗಿ ಕೆತ್ತುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಹಿಗ್ಗಿಸುತ್ತಾರೆ. ನುಡಿಸುವಾಗ ಆಂಪ್ಲಿಫೈಯರು ಅದನ್ನು ತಿರುಗಿಸಿ ಸರಿಪಡಿಸುತ್ತದೆ. ಇದಕ್ಕೆ 1954ರಿಂದ ಅಮೆರಿಕಾದ ಧ್ವನಿಮುದ್ರಣ ಉದ್ಯಮದವರು ಒಪ್ಪಿದ ಒಂದು ಅಳತೆಯಿದೆ. ಹೀಗೆ ನೋಡಿದರೆ, ಅಖಂಡವೆಂದು ಹೊಗಳುವ ತಟ್ಟೆಯ ನಾದವೂ ಬಾಗಿಸಿ ನೆಟ್ಟಗೆ ಮಾಡಿದ ನಾದವೇ.

ಅಂಕಿಗಳ ಕಡೆಗೆ ಬರೋಣ. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ನಾದದ ಎತ್ತರವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಬರೆದಿರುತ್ತಾರೆ. ಎರಡು ಅಳತೆಗಳ ನಡುವೆ ಇದ್ದುದು ಕಳೆದುಹೋಯಿತಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನಿಮ್ಮ ರೇಖಾಗಣಿತದ ಪಾಠವನ್ನು ನೆನಪು ಮಾಡಿಕೊಳ್ಳಿ. ಒಂದೇ ಸರಳರೇಖೆಯಲ್ಲಿಲ್ಲದ ಮೂರು ಬಿಂದುಗಳನ್ನು ಕೊಟ್ಟರೆ, ಅವುಗಳ ಮೂಲಕ ಹಾಯುವ ವೃತ್ತ ಒಂದೇ ಒಂದು. ಮೂರು ಬಿಂದುಗಳಿಂದ ಸಿಕ್ಕುವುದು ಹರಕು ಮುರುಕು ವೃತ್ತವಲ್ಲ, ಇಡೀ ವೃತ್ತ. ನಾದಕ್ಕೂ ಇಂಥದೇ ನಿಯಮವಿದೆಯೆಂದು ಕ್ಲಾಡ್ ಶಾನನ್ 1949ರ ಲೇಖನದಲ್ಲಿ ವಿವರಿಸಿದನು. ನಾದದಲ್ಲಿರುವ ಅತ್ಯಂತ ವೇಗದ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ, ಆ ಅಳತೆಗಳಿಂದ ಮೂಲದ ನುಣುಪಾದ ಅಲೆಯನ್ನೇ ಮತ್ತೆ ಪಡೆಯಬಹುದು. ಎಳೆಯರ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಿಸುತ್ತದೆ. ವಯಸ್ಸಾದಂತೆ ಈ ಮಿತಿ ಇಳಿಯುತ್ತದೆ. ದುಬಾರಿ ಯಂತ್ರಗಳನ್ನು ಕೊಳ್ಳುವ ಶಕ್ತಿ ಬರುವ ವೇಳೆಗೆ ಅವನ್ನು ಕೇಳುವ ಕಿವಿ ಹೋಗಿರುತ್ತದೆ ಎಂಬುದು ಈ ಹವ್ಯಾಸದ ದೊಡ್ಡ ಹಾಸ್ಯ.

ಗಣಿತವೇನೋ ಹೀಗೆ ಹೇಳುತ್ತದೆ, ಆದರೆ ನನ್ನ ಕಿವಿ ಸುಳ್ಳು ಹೇಳೀತೆ? ನಂಬುವವರ ಕೊನೆಯ ಅಸ್ತ್ರ ಇದು. ಕಿವಿ ಸುಳ್ಳು ಹೇಳುವುದಿಲ್ಲ ನಿಜ. ಕಿವಿಯ ಹಿಂದೆ ಕುಳಿತಿರುವ ಮನಸ್ಸು ಮಾತ್ರ ಕಣ್ಣಿನ ಮಾತನ್ನು ಕೇಳಿಕೊಂಡು ತೀರ್ಪು ಕೊಡುತ್ತದೆ. 1915ರಿಂದ ಸುಮಾರು ಹತ್ತು ವರ್ಷಗಳ ಕಾಲ ಎಡಿಸನ್ನನ ಸಂಸ್ಥೆ ಅಮೆರಿಕಾದ ಊರೂರುಗಳಲ್ಲಿ ಒಂದು ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ಗಾಯಕಿಯೊಬ್ಬಳು ಯಂತ್ರದ ಪಕ್ಕದಲ್ಲಿ ನಿಂತು ಹಾಡುವಳು. ನಡುವೆ ದೀಪ ಆರುವುದು. ಮತ್ತೆ ಬೆಳಕಾದಾಗ ಗಾಯಕಿ ಅಲ್ಲಿಲ್ಲ, ತಟ್ಟೆಯೊಂದೇ ಹಾಡುತ್ತಿರುವುದು! ಜನ ಬೆರಗಾದರು, ಯಾವುದು ಜೀವ, ಯಾವುದು ಯಂತ್ರವೆಂದು ತಿಳಿಯಲಿಲ್ಲವೆಂದು ಪತ್ರಿಕೆಗಳು ಬರೆದವು. ಇಂದು ಆ ತಟ್ಟೆಗಳನ್ನು ಕೇಳಿದರೆ ಸದ್ದಿನ ನಡುವೆ ಹಾಡನ್ನು ಹುಡುಕಬೇಕು. ಆ ಗಾಯಕಿಯರಲ್ಲಿ ಒಬ್ಬಳಾದ ಆನಾ ಕೇಸ್, ವೇದಿಕೆಯ ಮೇಲೆ ತನ್ನ ಕಂಠವನ್ನೇ ತಟ್ಟೆಯ ಧ್ವನಿಗೆ ಹೊಂದಿಸಿಕೊಂಡು ಹಾಡುತ್ತಿದ್ದೆನೆಂದು ಬಹಳ ವರ್ಷಗಳ ಮೇಲೆ ತಿಳಿಸಿದಳು.

ಅದು ಹಳೆಯ ಕಾಲ, ಅಮಾಯಕ ಜನ ಎನ್ನುವಂತಿಲ್ಲ. ಅಂಕಿಗಳ ಸೋಂಕಿಲ್ಲದ ತಟ್ಟೆಗಳೆಂದು ಹವ್ಯಾಸಿಗಳು ಹೆಚ್ಚು ಹಣ ಕೊಟ್ಟು ಕೊಳ್ಳುತ್ತಿದ್ದುದು ಅಮೆರಿಕಾದ ಮೊಬೈಲ್ ಫಿಡೆಲಿಟಿ ಎಂಬ ಸಂಸ್ಥೆಯ ತಟ್ಟೆಗಳನ್ನು. ಆ ತಟ್ಟೆಗಳಲ್ಲಿ ಹಲವನ್ನು 2011ರಿಂದಲೂ ನಡುವೆ ಅಂಕಿರೂಪಕ್ಕೆ ತಂದೇ ಮಾಡಲಾಗುತ್ತಿತ್ತೆಂದು 2022ರಲ್ಲಿ ಹೊರಬಿತ್ತು, ಸಂಸ್ಥೆಯೂ ಒಪ್ಪಿಕೊಂಡಿತು. ಹನ್ನೊಂದು ವರ್ಷಗಳ ಕಾಲ ಅವನ್ನು ‘ಶುದ್ಧ’ವೆಂದು ಕೊಂಡಾಡಿದ ಪರಿಣತರಲ್ಲಿ ಅನೇಕರ ಕಿವಿಗೆ ಅಂಕಿ ಕಾಣಿಸಿರಲಿಲ್ಲ. ಮೋಸಹೋದವರ ಸಿಟ್ಟು ನ್ಯಾಯವಾದದ್ದೇ. ಮಾರುವವನು ಸತ್ಯ ಹೇಳಬೇಕು. ಆದರೆ ಅವರ ಸಿಟ್ಟಿನಲ್ಲಿ ನಾಚಿಕೆಯೂ ಸ್ವಲ್ಪ ಬೆರೆತಿತ್ತೆಂದು ನನ್ನ ಗುಮಾನಿ. 2007ರಲ್ಲಿ ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಎಂಬಿಬ್ಬರು ಇನ್ನೊಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಕಾಂಪ್ಯಾಕ್ಟ್ ಡಿಸ್ಕಿಗಿಂತ ಸೂಕ್ಷ್ಮವೆಂದು ಮಾರುತ್ತಿದ್ದ ಹೊಸ ಬಗೆಯ ಡಿಸ್ಕುಗಳ ನಾದವನ್ನು ಒಮ್ಮೆ ಇದ್ದಂತೆ, ಒಮ್ಮೆ ಸಾಮಾನ್ಯ ಡಿಸ್ಕಿನ ಮಟ್ಟಕ್ಕಿಳಿಸಿ, ಯಾವುದೆಂದು ಹೇಳದೆ ಕೇಳಿಸಿದರು. 554 ಬಾರಿ ಕೇಳಿದಾಗ ಸರಿಯುತ್ತರ ಬಂದದ್ದು 276 ಬಾರಿ. ನಾಣ್ಯ ಚಿಮ್ಮಿದ್ದರೂ ಹೆಚ್ಚು ಕಡಿಮೆ ಅಷ್ಟೇ ಬರುತ್ತಿತ್ತು.

ಇಂಥ ಪರೀಕ್ಷೆಯನ್ನು ಮನೆಯಲ್ಲಿಯೂ ಮಾಡಬಹುದು. ಎರಡು ಷರತ್ತುಗಳಿವೆ. ಕೇಳುವವನಿಗೆ ಯಾವುದು ನುಡಿಯುತ್ತಿದೆಯೆಂಬುದು ಕಾಣಬಾರದು. ಎರಡರ ಗಟ್ಟಿತನವೂ ಸರಿಸಮನಾಗಿರಬೇಕು. ಏಕೆಂದರೆ ಕೂದಲೆಳೆಯಷ್ಟು ಗಟ್ಟಿಯಾದ ನಾದವನ್ನು ನಾವು ಗಟ್ಟಿ ಎನ್ನದೆ ಉತ್ತಮ ಎನ್ನುತ್ತೇವೆ. ಅಂಗಡಿಯವರಿಗೆ ಈ ಗುಟ್ಟು ಗೊತ್ತು. ನನ್ನ ಮಿತ್ರರೊಬ್ಬರು ಬೆಳ್ಳಿಯ ಲೇಪವಿರುವ ತಂತಿಯೊಂದನ್ನು ತಂದು, ಇದರಿಂದ ತಂಬೂರಿಯ ಶ್ರುತಿ ಅರಳಿತು ಎಂದರು. ಅವರ ಕಣ್ಣಿಗೆ ವಸ್ತ್ರ ಕಟ್ಟಿ ಹತ್ತು ಬಾರಿ ಕೇಳಿಸಿದೆವು. ಆರು ಬಾರಿ ಸರಿಯಾಗಿ ಹೇಳಿದರು. “ನೋಡಿದೆಯೇನಯ್ಯ, ಹೆಚ್ಚು ಪಾಲು ಸರಿ” ಎಂದು ಅವರಿಗೆ ಸಂತೋಷ. ಹತ್ತು ಬಾರಿ ನಾಣ್ಯ ಚಿಮ್ಮಿದರೆ ಬರಬಹುದಾದ ಫಲಗಳು 1024. ಅವುಗಳಲ್ಲಿ ಆರು ಅಥವಾ ಹೆಚ್ಚು ಸರಿಯಾಗುವ ಬಗೆಗಳು 386. ಒಂಬತ್ತು ಅಥವಾ ಹತ್ತು ಸರಿಯಾಗುವ ಬಗೆಗಳಾದರೋ ಕೇವಲ 11. ಒಂಬತ್ತು ಬಂದಿದ್ದರೆ ನಾನು ತಲೆಬಾಗುತ್ತಿದ್ದೆ. ಲೆಕ್ಕವನ್ನು ಅವರು ಸಾವಧಾನವಾಗಿ ಕೇಳಿದರು. ತಂತಿಯನ್ನು ಮಾತ್ರ ಬಿಚ್ಚಲಿಲ್ಲ. “ನೋಡುವುದಕ್ಕಂತೂ ಚೆನ್ನಾಗಿದೆಯಷ್ಟೆ” ಎಂದರು. ಆ ಮಾತಿಗೆ ನನ್ನಲ್ಲಿ ಆಕ್ಷೇಪಣೆಯಿಲ್ಲ.

ಹಾಗಾದರೆ ಎಲ್ಲ ಯಂತ್ರಗಳೂ ಒಂದೇ ಎಂದು ತಿಳಿಯಬಾರದು. ತಂತಿಗಳಲ್ಲಿ ಹುಡುಕಿದರೂ ಸಿಕ್ಕದ ವ್ಯತ್ಯಾಸ ಹೆಡ್‌ಫೋನುಗಳಲ್ಲಿ ಹುಡುಕದೆಯೇ ಸಿಕ್ಕುತ್ತದೆ. ನಥಾನಿಯಲ್ ಬಾಲ್ಡ್ವಿನ್ ಎಂಬುವನು 1910ರಲ್ಲಿ ಅಮೆರಿಕಾದ ಯೂಟಾ ಪ್ರಾಂತದ ತನ್ನ ಮನೆಯ ಅಡಿಗೆಮನೆಯಲ್ಲಿ ಇದನ್ನು ತಯಾರಿಸಿ ನೌಕಾಪಡೆಗೆ ಕಳುಹಿಸಿದನು. ತಂತಿಯಿಲ್ಲದ ತಾರಿನ ಸಂದೇಶ ಕೇಳಲು ಅವರಿಗೆ ಇದು ಬೇಕಿತ್ತು. ಸಂಗೀತ ಕೇಳುವುದಕ್ಕೆಂದೇ ಎರಡು ಕಿವಿಗೂ ಬೇರೆ ಬೇರೆ ನಾದ ಕೊಡುವ ಹೆಡ್‌ಫೋನನ್ನು ಜಾನ್ ಕಾಸ್ 1958ರಲ್ಲಿ ತಂದನು. ಇದರ ಮೆತ್ತೆ ಕಿವಿಯ ಸುತ್ತ ಸರಿಯಾಗಿ ಕೂರದಿದ್ದರೆ, ಕನ್ನಡಕದ ಕಡ್ಡಿಯೊಂದು ಅಡ್ಡ ಬಂದರೂ ಸಾಕು, ಮೃದಂಗದ ಎಡದ ಗುಂಕಾರ ಸೋರಿಹೋಗುತ್ತದೆ. ಇದು ಊಹೆಯಲ್ಲ, ಅಳೆದು ತೋರಿಸಬಹುದಾದ ಸಂಗತಿ. ನಮ್ಮ ಎದುರಿಗೆ ಎಡಕ್ಕೆ ಕುಳಿತವನ ಧ್ವನಿ ಬಲಗಿವಿಗೂ ತಲಪುತ್ತದೆ, ಸೆಕೆಂಡಿನ ಹತ್ತು ಸಾವಿರದ ಕೆಲವೇ ಭಾಗಗಳಷ್ಟು ತಡವಾಗಿ. ಆ ತಡದಿಂದಲೇ ದಿಕ್ಕನ್ನು ತಿಳಿಯುತ್ತೇವೆ. ಹೆಡ್‌ಫೋನಿನಲ್ಲಿ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಆದುದರಿಂದ ಕಛೇರಿ ಎದುರಿಗೆ ನಡೆಯದೆ ತಲೆಯೊಳಗೇ ನಡೆದಂತಾಗುತ್ತದೆ. ಸಹಜವಲ್ಲದಿದ್ದರೂ ಇದರಲ್ಲಿ ಒಂದು ಸುಖವಿದೆ: ಗಾಯಕರು ಉಸಿರು ಎಳೆದುಕೊಳ್ಳುವುದು, ವೀಣೆಯ ಮೆಟ್ಟಿಲ ಮೇಲೆ ಬೆರಳು ಜಾರುವುದು, ಮುಂದಿನ ಸಾಲಿನ ರಸಿಕನು ಮೆಲ್ಲನೆ ಭಲೆ ಎನ್ನುವುದು ಎಲ್ಲವೂ ಕೇಳಿಸುತ್ತವೆ. ಗಟ್ಟಿತನದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದೆಂದೂ, 90ಕ್ಕೆ ಏರಿಸಿದರೆ 4 ಗಂಟೆ ಮಾತ್ರವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಮನುಷ್ಯನಲ್ಲಿ ಒಮ್ಮೆ ಸತ್ತರೆ ಮರಳಿ ಹುಟ್ಟುವುದಿಲ್ಲ.

ಇಷ್ಟೆಲ್ಲ ತಿಳಿದೂ ನಾನು ತಟ್ಟೆಗಳನ್ನು ಕೊಳ್ಳುವುದೇಕೆ? ನನ್ನೊಬ್ಬನ ಹುಚ್ಚಂತೂ ಅಲ್ಲ. ಅಮೆರಿಕಾದಲ್ಲಿ 2022ರಲ್ಲಿ, 1987ರ ನಂತರ ಮೊದಲ ಬಾರಿಗೆ, ಕಾಂಪ್ಯಾಕ್ಟ್ ಡಿಸ್ಕುಗಳಿಗಿಂತ ವಿನೈಲ್ ತಟ್ಟೆಗಳೇ ಹೆಚ್ಚು ಮಾರಾಟವಾದವು. ಕೆಲವು ಸಂಗೀತ ತಟ್ಟೆಯಲ್ಲಿ ನಿಜವಾಗಿಯೂ ಚೆನ್ನಾಗಿರುತ್ತದೆ. ಅದಕ್ಕೆ ಕಾರಣ ವಿನೈಲಿನ ಮಹಿಮೆಯಲ್ಲ. ಡಿಸ್ಕಿಗಾಗಿ ಎಲ್ಲ ಸ್ವರಗಳನ್ನೂ ಒಂದೇ ಸಮನೆ ಗಟ್ಟಿಗೊಳಿಸುವ ಕೆಟ್ಟ ಚಾಳಿ 1990ರ ದಶಕದಿಂದ ಬೆಳೆಯಿತು. ತಟ್ಟೆಗಾಗಿ ಸಿದ್ಧಮಾಡಿದ ಪ್ರತಿ ಕೆಲವೊಮ್ಮೆ ಆ ಹಿಂಸೆಯಿಂದ ಪಾರಾಗಿರುತ್ತದೆ. ಇನ್ನು ಎಷ್ಟೋ ಹಳೆಯ ವಿದ್ವಾಂಸರ ಮುದ್ರಿಕೆಗಳು ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲಿಯೂ ನನ್ನ ಕೈಗೆ ಸಿಕ್ಕಿಲ್ಲ. ಇವು ಬುದ್ಧಿ ಒಪ್ಪುವ ಕಾರಣಗಳು. ಒಪ್ಪಿಸಬೇಕಾಗಿಲ್ಲದ ಕಾರಣಗಳೂ ಇವೆ. ತಟ್ಟೆಯ ದೊಡ್ಡ ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕವಾದ್ಯದವರ ಹೆಸರುಗಳನ್ನು ಓದುತ್ತ ಕೇಳಬಹುದು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಮಗ್ಗುಲು ಬದಲಾಯಿಸಬೇಕಾದುದರಿಂದ ಕಿವಿ ನಿದ್ದೆ ಹೋಗುವುದಿಲ್ಲ. ಬೆರಳ ತುದಿಯಲ್ಲಿ ಸಾವಿರ ಹಾಡುಗಳಿರುವಾಗ ಯಾವುದನ್ನೂ ಕೊನೆಯವರೆಗೆ ಕೇಳದ ನಾನು, ತಟ್ಟೆಯ ಮುಂದೆ ಕುಳಿತರೆ ಒಂದು ರಾಗವನ್ನು ಪೂರ್ತಿ ಕೇಳುತ್ತೇನೆ.

ಅರಗಿನ ತಟ್ಟೆಗಳ ಗೀರು ಅಗಲವಾದುದರಿಂದ ಅವುಗಳಿಗೆ ಬೇರೆಯೇ ದಪ್ಪ ಮುಳ್ಳು ಬೇಕು. ವಿನೈಲಿನ ಸಣ್ಣ ಮುಳ್ಳು ಅದರ ತಳದ ಕಸವನ್ನು ಕೆದಕುತ್ತ ಹೋಗುತ್ತದೆ. ಮುಳ್ಳನ್ನು ಬದಲಾಯಿಸಿ, ಗೌಹರ್ ಜಾನ್ ಅವರ ಹಳೆಯ ತಟ್ಟೆಯೊಂದನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಮೊದಲು ಕೇಳಿಸುವುದು ಬಾಣಲೆಯಲ್ಲಿ ಎಣ್ಣೆ ಸಿಡಿದಂಥ ಸದ್ದು. ಎಡ ಬಲಗಳ ಭೇದವಿಲ್ಲ; ಕಹಳೆ ಹಿಡಿಯಲಾರದ ಮಂದ್ರವೂ ಇಲ್ಲ, ತಾರದ ಮಿನುಗೂ ಇಲ್ಲ. ಅಳತೆಯ ಪಟ್ಟಿಯಲ್ಲಿ ಇದಕ್ಕೆ ಸೊನ್ನೆಯೇ ಸಿಕ್ಕಬೇಕು. ಆ ಸಿಡಿತದ ನಡುವಿನಿಂದ, ತಲೆಯ ಸರಿ ಮಧ್ಯದಲ್ಲಿ, ಕಂಠವೊಂದು ಎದ್ದು ಮೂರು ನಿಮಿಷಗಳ ಕಾಲ ಮಿಂಚಿನಂತೆ ತಾನುಗಳನ್ನು ಬಿಡಿಸುತ್ತದೆ. ಕೊನೆಯಲ್ಲಿ ಅದೇ ಕಂಠ ಗತ್ತಿನಿಂದ ತನ್ನ ಹೆಸರನ್ನು ಹೇಳುತ್ತದೆ, ಹ್ಯಾನೋವರಿನ ಕೆಲಸಗಾರರಿಗೆ. ಆಮೇಲೆ ಎದ್ದು ಮುಳ್ಳನ್ನು ಎತ್ತಬೇಕು.