ಮುಚ್ಚಿಟ್ಟ ಮಾತು, ಬಿಟ್ಟುಕೊಟ್ಟ ಪ್ರೇಮ: ‘ಯುದ್ಧ ಮತ್ತು ಶಾಂತಿ’ಯ ಸೋನ್ಯಾ

ಲಿಯೋ ಟಾಲ್‌ಸ್ಟಾಯ್ (1828–1910) ರಚಿಸಿದ ‘ಯುದ್ಧ ಮತ್ತು ಶಾಂತಿ’ 1865ರಿಂದ 1869ರ ಅವಧಿಯಲ್ಲಿ ಬೆಳಕು ಕಂಡ ಮಹಾಕಾದಂಬರಿ. ನೆಪೋಲಿಯನ್ನನ ವಿರುದ್ಧ ರಷ್ಯಾ ನಡೆಸಿದ ಸಮರಗಳ ಕಥನವೆಂದೇ ಇದು ಪ್ರಸಿದ್ಧವಾಗಿದೆ. ಆದರೆ ಆಸ್ಟರ್ಲಿಟ್ಸ್ ಹಾಗೂ ಬೊರೊದಿನೊ ರಣರಂಗಗಳಷ್ಟೇ ಮಹತ್ತ್ವದ ಘಟನೆಗಳು ಇಲ್ಲಿ ಭೂಮಾಲಿಕ ಶ್ರೀಮಂತರ ಹಳ್ಳಿಮನೆಗಳಲ್ಲಿಯೂ ಜರುಗುತ್ತವೆ. ಅಲ್ಲಿನ ಆಯುಧಗಳು ಎರಡು: ಪತ್ರ ಮತ್ತು ಗುಟ್ಟು. ಪ್ರೇಮ, ಆಸ್ತಿ, ಯುದ್ಧ ಇವು ಒಂದನ್ನೊಂದು ಹೇಗೆ ನಿಯಂತ್ರಿಸುತ್ತವೆ ಎಂಬುದನ್ನು ಈ ಗುಟ್ಟುಗಳ ಮೂಲಕವೇ ಅರಿಯಬಹುದಾಗಿದೆ.

ಮೊದಲನೆಯದು ನತಾಷಾ ರೊಸ್ತೋವಳ ನಿಶ್ಚಿತಾರ್ಥದ ಗುಟ್ಟು. ಮೊದಲ ಹೆಂಡತಿಯನ್ನು ಹೆರಿಗೆಯಲ್ಲಿ ಕಳೆದುಕೊಂಡ ರಾಜಕುಮಾರ ಆಂದ್ರೇ ಬೊಲ್ಕೊನ್‌ಸ್ಕಿ ಆಕೆಯನ್ನು ವರಿಸಬಯಸುತ್ತಾನೆ. ವೃದ್ಧ ತಂದೆ ಒಂದು ವರ್ಷ ಕಾಯಬೇಕೆಂದು ಷರತ್ತು ವಿಧಿಸುತ್ತಾನೆ. ನತಾಷಾಳ ಸ್ವಾತಂತ್ರ್ಯಕ್ಕೆ ಕಟ್ಟಿಲ್ಲದಿರಲೆಂದು ನಿಶ್ಚಿತಾರ್ಥವನ್ನು ಬಹಿರಂಗಪಡಿಸಬಾರದೆಂದು ಆಂದ್ರೇ ಹೇಳುತ್ತಾನೆ. ಇದು ಔದಾರ್ಯದ ಮಾತೇನೋ ಹೌದು. ಆದರೆ ಇದರ ಫಲವಾಗಿ ಆಕೆ ಲೋಕದ ಕಣ್ಣಿಗೆ ಅವಿವಾಹಿತೆ, ತನ್ನೊಳಗೆ ವಾಗ್ದತ್ತೆ ಎಂಬ ಇಬ್ಬಂದಿಗೆ ಸಿಲುಕುತ್ತಾಳೆ. ಆತ ಮರಳುವ ಮೊದಲೇ ಅನತೋಲ್ ಕುರಾಗಿನ್ ಅವಳನ್ನು ಮರುಳುಮಾಡಿ ಕರೆದೊಯ್ಯಲು ಸಂಚು ಹೂಡುತ್ತಾನೆ. ಅವನಲ್ಲಿಯೂ ಒಂದು ಗುಟ್ಟಿದೆ: ಆತ ಆಗಲೇ ಪೋಲೆಂಡಿನಲ್ಲಿ ವಿವಾಹಿತ. ಗುಟ್ಟಿಗೆ ಗುಟ್ಟೇ ಶತ್ರುವಾಗುವ ಈ ಸನ್ನಿವೇಶದಲ್ಲಿ ನತಾಷಾಳನ್ನು ಉಳಿಸುವವಳು ಅದೇ ಮನೆಯ ಆಶ್ರಯದಲ್ಲಿ ಬೆಳೆದ ಬಂಧು ಸೋನ್ಯಾ. ಪ್ರತಿಯಾಗಿ ಅವಳಿಗೆ ಸಿಗುವುದು ದ್ರೋಹಿಯೆಂಬ ನಿಂದೆ.

ಸೋನ್ಯಾಳದು ಕಾದಂಬರಿಯ ಎರಡನೆಯ, ಹೆಚ್ಚು ಆಳವಾದ ಕಥೆ. ಆಕೆ ಬಾಲ್ಯದಿಂದಲೂ ನಿಕೊಲಾಯ್ ರೊಸ್ತೋವನನ್ನು ಪ್ರೀತಿಸಿದವಳು, ಆದರೆ ವರದಕ್ಷಿಣೆಯಿಲ್ಲದವಳು. ರೊಸ್ತೋವರ ಜಮೀನು ಸಾಲದಲ್ಲಿ ಮುಳುಗುತ್ತಿದೆ. ಸೋನ್ಯಾಳಿಂದ ತಿರಸ್ಕೃತನಾದ ದೊಲೊಖೋವ್ ನಿಕೊಲಾಯ್‌ನನ್ನು ಜೂಜಿಗೆಳೆದು 43,000 ರೂಬಲ್ ಸೋಲಿಸುತ್ತಾನೆ. ಆ ಮೊತ್ತವನ್ನು ಅವನು ಗೊತ್ತುಮಾಡಿಕೊಂಡದ್ದು ತನ್ನ ಹಾಗೂ ಸೋನ್ಯಾಳ ವಯಸ್ಸನ್ನು ಕೂಡಿಸಿ. ಹೀಗೆ ಒಲವೂ ಸಾಲವೂ ಒಂದೇ ಲೆಕ್ಕದೊಳಗೆ ಬೆರೆಯುತ್ತವೆ. ಮಗ ಸಿರಿವಂತೆಯನ್ನೇ ಮದುವೆಯಾಗಬೇಕೆಂಬ ತಾಯಿಯ ಹಟಕ್ಕೆ ಈ ಸಾಲವೇ ಕಾರಣ.

1812ರ ಆಕ್ರಮಣ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಬೊಗುಚಾರೊವೊದಲ್ಲಿ ರೈತರ ತಡೆಗೆ ಸಿಕ್ಕ ಮಾರ್ಯಾ ಬೊಲ್ಕೊನ್‌ಸ್ಕಯಾಳನ್ನು ನಿಕೊಲಾಯ್ ಪಾರುಮಾಡುತ್ತಾನೆ. ಇಬ್ಬರಲ್ಲೂ ಒಲವು ಮೂಡುತ್ತದೆ. ಇತ್ತ ಮಾಸ್ಕೋ ತೊರೆಯುವಾಗ ರೊಸ್ತೋವರು ಸಾಮಾನಿನ ಗಾಡಿಗಳನ್ನು ಗಾಯಾಳುಗಳಿಗೆ ಬಿಟ್ಟುಕೊಡುತ್ತಾರೆ. ಆ ಗಾಯಾಳುಗಳ ನಡುವೆ ಆಂದ್ರೇ ಇರುವ ಸಂಗತಿಯನ್ನು ನತಾಷಾಳಿಂದ ಮೊದಲು ಮುಚ್ಚಿಡಲಾಗುತ್ತದೆ. ಗುಟ್ಟು ಹೊರಬಿದ್ದ ಬಳಿಕ ಅವಳೇ ಅವನ ಶುಶ್ರೂಷೆಗೆ ನಿಲ್ಲುತ್ತಾಳೆ.

ತಾಯಿಯ ಒತ್ತಾಯಕ್ಕೆ ಮಣಿದ ಸೋನ್ಯಾ, ನಿಕೊಲಾಯ್‌ನನ್ನು ಮಾತಿನ ಬಂಧನದಿಂದ ಬಿಡುಗಡೆ ಮಾಡಿ ಪತ್ರ ಬರೆಯುವುದು ಆಗ. ಮೇಲ್ನೋಟಕ್ಕೆ ಇದು ಶುದ್ಧ ತ್ಯಾಗ. ಆದರೆ ಅವಳ ಅಂತರಂಗದಲ್ಲೊಂದು ಆಸೆ ಅಡಗಿದೆ. ಆಂದ್ರೇ ಬದುಕಿ ನತಾಷಾಳನ್ನು ವರಿಸಿದರೆ, ಆ ಸಂಬಂಧದ ಕಾರಣದಿಂದ ನಿಕೊಲಾಯ್ ಆಂದ್ರೇಯ ತಂಗಿ ಮಾರ್ಯಾಳನ್ನು ಮದುವೆಯಾಗುವಂತಿಲ್ಲ. ಅವರ ಧರ್ಮಸಂಪ್ರದಾಯ ಅದನ್ನು ನಿಷೇಧಿಸುತ್ತದೆ. ತ್ಯಾಗವೂ ಆಸೆಯೂ ಒಂದೇ ಕಾಗದದ ಎರಡು ಮಗ್ಗುಲಾಗಿವೆ. ಆಂದ್ರೇ ಸಾಯುತ್ತಾನೆ; ಆಸೆ ಅಳಿದು ಪತ್ರದ ತ್ಯಾಗವಷ್ಟೇ ಉಳಿಯುತ್ತದೆ. 1814ರಲ್ಲಿ ನಿಕೊಲಾಯ್–ಮಾರ್ಯಾರ ವಿವಾಹ ನೆರವೇರುತ್ತದೆ. ಸೋನ್ಯಾ ಅವರ ಮನೆಯಲ್ಲೇ ಉಳಿಯುತ್ತಾಳೆ. ನತಾಷಾ ಅವಳನ್ನು ಕಾಯಿಕಟ್ಟದ ಹೂವಿಗೆ ಹೋಲಿಸುತ್ತಾಳೆ.

ಈ ಹೋಲಿಕೆಯೇ ಲೇಖಕನ ಅಂತಿಮ ತೀರ್ಪೆಂದು ಭಾವಿಸುವವರು ಅವನ ಮನೆತನದ ಚರಿತ್ರೆಯನ್ನೂ ಗಮನಿಸಬೇಕು. ನಿಕೊಲಾಯ್ ಮತ್ತು ಮಾರ್ಯಾರಲ್ಲಿ ಟಾಲ್‌ಸ್ಟಾಯ್‌ನ ತಂದೆತಾಯಿಗಳ ಛಾಯೆಯಿದೆ. ಸೋನ್ಯಾಳಲ್ಲಿ ತತ್ಯಾನಾ ಯೆರ್ಗೊಲ್‌ಸ್ಕಯಾ ಎಂಬ ದೂರದ ಬಂಧುವಿನ ನೆರಳಿದೆ. ಆಕೆಯೂ ಆ ಮನೆಯ ಆಶ್ರಯದಲ್ಲಿ ಬೆಳೆದವಳು, ಟಾಲ್‌ಸ್ಟಾಯ್‌ನ ತಂದೆಯನ್ನು ಪ್ರೀತಿಸಿ ಸಿರಿವಂತ ವಧುವಿಗೆ ದಾರಿಬಿಟ್ಟವಳು. 1830ರಲ್ಲಿ ಆ ವಧು ತೀರಿಕೊಂಡಾಗ ಟಾಲ್‌ಸ್ಟಾಯ್‌ಗೆ ಎರಡು ವರ್ಷವೂ ತುಂಬಿರಲಿಲ್ಲ. 1836ರಲ್ಲಿ ಆತನ ತಂದೆ, ತನ್ನನ್ನು ವರಿಸಿ ಮಕ್ಕಳಿಗೆ ತಾಯಿಯಾಗೆಂದು ಆಕೆಯನ್ನು ಕೇಳಿಕೊಂಡನು. ಆಕೆ ಮೊದಲನೆಯದನ್ನು ನಿರಾಕರಿಸಿ ಎರಡನೆಯದನ್ನು ಒಪ್ಪಿಕೊಂಡಳು. ಈ ವಿಷಯವನ್ನು ಬರೆದಿಟ್ಟ ಚೀಟಿ ದೊರೆತದ್ದು ಆಕೆಯ ಮರಣಾನಂತರ, ಅವಳ ಕಾಗದಪತ್ರಗಳ ನಡುವೆ.

ಕಾದಂಬರಿ ಕಾಯಿಕಟ್ಟದ ಹೂವೆಂದು ಕರೆದ ಹೆಣ್ಣಿನ ಮೂಲರೂಪವಾದ ಆಕೆಯೇ ಕಾದಂಬರಿಕಾರನನ್ನು ಸಾಕಿ ಬೆಳೆಸಿದವಳು. ಸೋನ್ಯಾಳ ಮೌನವನ್ನು ಸೋಲೆಂದು ಓದುವ ಮುನ್ನ ಈ ಸತ್ಯವನ್ನು ನೆನೆಯುವುದು ವಿಮರ್ಶೆಯ ಕರ್ತವ್ಯವಾಗಿದೆ.